ಮೂತಿಯ ಮೇಲಿನ ಸೊನ್ನೆ

ಹೊಸ ಲೆನ್ಸ್ ಕೊಂಡು ಮನೆಗೆ ತಂದವರು ಮೊದಲು ಏನು ಮಾಡಬೇಕು? ಪೆಟ್ಟಿಗೆ ಬಿಚ್ಚಿ, ದೇವರ ಮುಂದಿಟ್ಟು, ಒಂದು ಚಿಟಿಕೆ ಕುಂಕುಮ ಹಚ್ಚಿ (ಗಾಜಿಗಲ್ಲ ಮಾರಾಯ್ರೆ, ಡಬ್ಬಿಗೆ!), ಮಕ್ಕಳನ್ನು ಕಿಟಕಿ ಪಕ್ಕ ಕೂರಿಸಿ ನಾಲ್ಕು ಫೋಟೋ ಹೊಡೆಯುವುದು ಅಂತ ನೀವು ಹೇಳಬಹುದು. ಆದರೆ 2007ರಿಂದೀಚೆಗೆ ಬಲ್ಲವರು ಕೊಡುತ್ತ ಬಂದ ಉತ್ತರ ಬೇರೆ. ಮೊದಲು ಟ್ರೈಪಾಡ್ ನಿಲ್ಲಿಸು. ಎದುರಿಗೆ ಅಳತೆಪಟ್ಟಿಯೊಂದನ್ನು ಓರೆಯಾಗಿ ಇಡು. ಹತ್ತಿಪ್ಪತ್ತು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡು. ಫೋಕಸ್ ಮುಂದೆ ಬೀಳ್ತಿದೆಯೋ ಹಿಂದೆ ಬೀಳ್ತಿದೆಯೋ ಲೆಕ್ಕ ಹಾಕಿ, ಕ್ಯಾಮೆರಾದ ಮೆನುವಿನೊಳಗೆ ಹೊಕ್ಕು ಪ್ಲಸ್ ಮೂರೋ ಮೈನಸ್ ಏಳೋ ತುಂಬು. ಆಮೇಲೆ ಮಕ್ಕಳ ಫೋಟೋ.

ದುಡ್ಡು ಕೊಟ್ಟವನೇ ಸಾಮಾನು ಸರಿಮಾಡಿಕೊಳ್ಳಬೇಕಾ? ನಾನು ತಜ್ಞನಲ್ಲ. ಮೂವತ್ತು ಚಿಲ್ಲರೆ ವರ್ಷಗಳಿಂದ ಡೊಂಬಿವಲಿಯಲ್ಲಿದ್ದುಕೊಂಡು, ಬಿಡುವಾದಾಗ ಕ್ಯಾಮೆರಾ ಹೆಗಲಿಗೇರಿಸಿ ಮಾಟುಂಗ-ದಾದರ್ ಕಡೆ ನಮ್ಮವರ ನಾಟಕ, ಯಕ್ಷಗಾನ, ಮುಂಜಿ, ಮದುವೆ ಅಂತ ಅಲೆದವನು. ಆದರೆ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತು ಬಹಳ ವರ್ಷವಾಯ್ತು. ಹುಡುಕುತ್ತ ಹೋದರೆ ಇದು ಡಿಜಿಟಲ್ ಕಾಲದ ಪ್ರಶ್ನೆಯೇ ಅಲ್ಲ. ಹೆಚ್ಚುಕಡಿಮೆ ನೂರು ವರ್ಷದ ಹಿಂದೆ ಜರ್ಮನಿಯ ಒಂದು ಕಾರ್ಖಾನೆ ಇದೇ ಪ್ರಶ್ನೆಯನ್ನು ಎದುರಿಸಿ, ಉತ್ತರವನ್ನೂ ಕೊಟ್ಟಿತ್ತು. ಆ ಉತ್ತರದ ಕಥೆ ಹೇಳದೆ ಇವತ್ತಿನದನ್ನು ಹೇಳೋಕಾಗಲ್ಲ.

ಮೊದಲು ಸುಲಭದ್ದು. ಒಂದು ಕಾಲದಲ್ಲಿ ನಮ್ಮ ಕಡೆ ಮನೆಮನೆಯಲ್ಲೂ ಇದ್ದ ಆಗ್ಫಾ ಕ್ಲಿಕ್ 3 ನೆನಪಿದೆಯಾ? ಆಮೇಲೆ 80ರ ದಶಕದಲ್ಲಿ ಬಂದ ಹಾಟ್ ಶಾಟ್? ಅವುಗಳಲ್ಲಿ ಫೋಕಸ್ ಅನ್ನುವ ಮಾತೇ ಇರಲಿಲ್ಲ. ಕಾರ್ಖಾನೆಯಲ್ಲಿ ಒಂದು ದೂರಕ್ಕೆ ಲೆನ್ಸ್ ಕೂರಿಸಿ ಭದ್ರ ಮಾಡಿಬಿಟ್ಟರೆ ಮುಗೀತು. ಒಳಗೆ ಬೆಳಕು ಬರುವ ಕಿಂಡಿ ಸಣ್ಣದಿದ್ದರೆ ಆರೇಳು ಅಡಿಯಿಂದ ಆಚೆಗಿನದೆಲ್ಲ ಸುಮಾರಾಗಿ ಸ್ಪಷ್ಟ ಬರುತ್ತದೆ. ಕಿಂಡಿ ದೊಡ್ಡದಾದಷ್ಟೂ, ಅಂದರೆ ಎಫ್ 2, ಎಫ್ 1.4 ಅಂತ ಹೋದಷ್ಟೂ, ಮಬ್ಬು ಬೆಳಕಿನಲ್ಲಿ ಚಿತ್ರ ಸಿಗುತ್ತದೆ, ಆದರೆ ಸ್ಪಷ್ಟವಾಗಿ ಬೀಳುವ ಪಟ್ಟಿ ಕಿರಿದಾಗುತ್ತ ಹೋಗುತ್ತದೆ. ತಪ್ಪಿಗೆ ಜಾಗ ಕಡಿಮೆ. ಇಡೀ ಕಥೆ ಇರುವುದು ಈ ಕಿರಿದಾದ ಜಾಗದಲ್ಲೇ.

ಈಗ ವೆಟ್ಸ್ಲಾರ್ ಊರಿಗೆ ಬನ್ನಿ. ಅಲ್ಲಿ ಮೈಕ್ರೋಸ್ಕೋಪ್ ಮಾಡುತ್ತಿದ್ದ ಅರ್ನ್‌ಸ್ಟ್ ಲೈಟ್ಸ್ ಕಂಪನಿಯಲ್ಲಿ ಓಸ್ಕರ್ ಬಾರ್ನಾಕ್ ಅನ್ನುವ ಕುಶಲಕರ್ಮಿ. ಉಬ್ಬಸದ ಮನುಷ್ಯ, ಭಾರದ ಪ್ಲೇಟ್ ಕ್ಯಾಮೆರಾ ಹೊತ್ತು ಬೆಟ್ಟ ಹತ್ತಲಾರದೆ ಸಿನಿಮಾ ಫಿಲ್ಮಿಗೆ ಒಗ್ಗುವ ಪುಟ್ಟ ಕ್ಯಾಮೆರಾ ಮಾಡಿಕೊಂಡ ಅಂತ ಹೇಳುತ್ತಾರೆ. ಅದೇ ಮುಂದೆ 1925ರ ಲೈಪ್ಜಿಗ್ ಮೇಳದಲ್ಲಿ ಲೈಕಾ ಅಂತ ಹೊರಬಂತು. ಅದರ ಲೆನ್ಸ್ ಕಳಚುವಂಥದ್ದಲ್ಲ. ಮಾಕ್ಸ್ ಬೆರೆಕ್ ಲೆಕ್ಕ ಹಾಕಿದ 50 ಮಿ.ಮೀ., ಎಫ್ 3.5 ಲೆನ್ಸು ಬಾಡಿಗೆ ಶಾಶ್ವತವಾಗಿ ಕೂತಿತ್ತು. ಕೂರಿಸುವಾಗಲೇ ಕಾರ್ಖಾನೆಯಲ್ಲಿ ಸರಿಮಾಡಿ ಕೊಡುತ್ತಿದ್ದರು. ಕೊಂಡವನಿಗೆ ಅದರ ಗೊಡವೆ ಇರಲಿಲ್ಲ.

ತಕರಾರು ಶುರುವಾದದ್ದು 1930ರಲ್ಲಿ. ಆ ವರ್ಷ ಲೈಕಾ ತಿರುಪಿನ ಮೂತಿ ಪಡೆಯಿತು. 39 ಮಿ.ಮೀ. ಅಗಲದ ತಿರುಪು, 50ರದ್ದನ್ನು ಬಿಚ್ಚಿ 35ರದ್ದನ್ನೋ 135ರದ್ದನ್ನೋ ಹಾಕಬಹುದು. ದೊಡ್ಡ ಹೆಜ್ಜೆಯೇ. ಆದರೆ ಒಂದು ತೊಡಕು. ಮೂತಿಯ ಅಂಚಿನಿಂದ ಫಿಲ್ಮಿನವರೆಗಿನ ಅಂತರ ಒಂದು ಕ್ಯಾಮೆರಾದಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುತ್ತಿರಲಿಲ್ಲ, ಕೂದಲೆಳೆಯಷ್ಟು ವ್ಯತ್ಯಾಸ. ಹಾಗಾಗಿ ಒಂದೊಂದು ಬಾಡಿಗೂ ಅದರದ್ದೇ ಲೆನ್ಸ್. ಕಾರ್ಖಾನೆಯಲ್ಲಿ ಎರಡನ್ನೂ ಕೂಡಿಸಿ ನೋಡಿ, ಹೊಂದಿಸಿ, ಬಾಡಿಯ ನಂಬರಿನ ಕೊನೆಯ ಮೂರು ಅಂಕೆಗಳನ್ನು ಲೆನ್ಸಿನ ಮೇಲೆ ಕೆತ್ತಿ ಕೊಡುತ್ತಿದ್ದರು. ಮುಂದೆ ಇನ್ನೊಂದು ಲೆನ್ಸ್ ಬೇಕೆಂದರೆ? ಕ್ಯಾಮೆರಾವನ್ನು ವಾಪಸು ಕಳಿಸಬೇಕು, ಅದಕ್ಕೆ ಒಪ್ಪುವಂತೆ ಲೆನ್ಸ್ ಹೊಂದಿಸಿ ಕೊಡುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಜಾತಕ ಕೂಡಿಬಂದರೇ ಮದುವೆ. ಪಕ್ಕದ ಮನೆಯವನ ಲೆನ್ಸ್ ನಿಮ್ಮ ಲೈಕಾಗೆ ತಿರುಪಿನಲ್ಲಿ ಕೂರುತ್ತದೆ, ಫೋಕಸಿನಲ್ಲಿ ಕೂರುವುದಿಲ್ಲ.

ಇದು ಹೆಚ್ಚು ದಿನ ನಡೆಯಲಿಲ್ಲ. 1931ರಲ್ಲಿ ಲೈಟ್ಸ್ ಕಂಪನಿ ಆ ಅಂತರವನ್ನು 28.8 ಮಿ.ಮೀ. ಅಂತ ಗಟ್ಟಿ ಮಾಡಿತು. ಇನ್ನು ಮುಂದೆ ಪ್ರತಿ ಬಾಡಿಯೂ ಅದೇ ಅಂತರಕ್ಕೆ, ಪ್ರತಿ ಲೆನ್ಸೂ ಅದೇ ಅಂತರಕ್ಕೆ. ಹಾಗೆ ಸರಿಮಾಡಿದ್ದಕ್ಕೆ ಗುರುತಾಗಿ ಕ್ಯಾಮೆರಾದ ಮೂತಿಯ ಉಂಗುರದ ನೆತ್ತಿಯಲ್ಲಿ ಒಂದು ಸಣ್ಣ ಸೊನ್ನೆ ಕೆತ್ತಿದರು, ಲೆನ್ಸಿಗೂ ಒಂದು ಸೊನ್ನೆ. ಸೊನ್ನೆ ಇದ್ದದ್ದಕ್ಕೆ ಸೊನ್ನೆ ಇದ್ದದ್ದು ಹಾಕು, ಕಣ್ಣು ಮುಚ್ಚಿಕೊಂಡು ಹಾಕು. ಹಳೆಯ ಬಾಡಿ ಇದ್ದವರು ಕಾರ್ಖಾನೆಗೆ ಕಳಿಸಿ ಸೊನ್ನೆ ಹಾಕಿಸಿಕೊಳ್ಳಬಹುದಿತ್ತು.

ಇದನ್ನು ಅವರು ಹೇಗೆ ಸಾಧಿಸಿದರು ಅಂತೀರಿ? ಕಂಪ್ಯೂಟರಿಲ್ಲ, ಲೇಸರಿಲ್ಲ. ಮೂತಿಯ ಉಂಗುರ ಬಿಚ್ಚಿ, ಅದರ ಕೆಳಗೆ ಕಾಗದದ ತೆಳು ಹಾಳೆಗಳನ್ನು ಇಟ್ಟು, ಅಳೆದು, ಮತ್ತೆ ಬಿಚ್ಚಿ, ಇನ್ನೊಂದು ಹಾಳೆ ಇಟ್ಟು, ಮತ್ತೆ ಅಳೆದು. ಹಳೆಯ ಲೈಕಾ ಬಿಚ್ಚಿದ ರಿಪೇರಿಯವರನ್ನು ಕೇಳಿ, ಆ ಹಾಳೆಗಳು ಕಳೆದುಹೋಗದಂತೆ ಎಷ್ಟು ಜೋಪಾನ ಮಾಡುತ್ತಾರೆ ಅಂತ ಹೇಳ್ತಾರೆ. ಕೆಲಸ ಸಣ್ಣದಲ್ಲ. ಆದರೆ ಆ ಕೆಲಸ ಯಾರದ್ದು ಅನ್ನುವುದರಲ್ಲಿ ಲೈಟ್ಸಿಗೆ ಗೊಂದಲವಿರಲಿಲ್ಲ. ನನ್ನ ಪ್ರಕಾರ ಕಳಚುವ ಲೆನ್ಸು ನಿಜವಾಗಿ ಹುಟ್ಟಿದ್ದು 1930ರಲ್ಲಿ ಅಲ್ಲ, 1931ರಲ್ಲಿ. ತಿರುಪು ಕೂರುವುದು ಬೇರೆ, ಮಾತು ಉಳಿಯುವುದು ಬೇರೆ.

ಮರುವರ್ಷ, 1932ರಲ್ಲಿ, ಲೈಕಾ 2 ಬಂತು. ಅದರಲ್ಲಿ ರೇಂಜ್‌ಫೈಂಡರ್ ಲೆನ್ಸಿಗೇ ಕೂಡಿಕೊಂಡಿತ್ತು. ಅದಕ್ಕೆ ಮುಂಚೆ ದೂರ ಅಳೆಯುವ ಸಾಧನ ಬೇರೆ, ಅದು ತೋರಿಸಿದ ಅಂಕಿಯನ್ನು ನೋಡಿ ಲೆನ್ಸನ್ನು ಕೈಯಿಂದ ತಿರುಗಿಸಿಕೊಳ್ಳಬೇಕಿತ್ತು. ಈಗ ಲೆನ್ಸ್ ತಿರುಗಿಸಿದರೆ ಒಳಗಿನ ಒಂದು ಕಡ್ಡಿ ಸರಿದು ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳು ಒಂದಾಗುತ್ತವೆ. ಬಿಂಬ ಕೂಡಿತು ಅಂದರೆ ಫೋಕಸ್ ಕೂತಿತು. ಗಮನಿಸಿ, ಇಲ್ಲಿ ಕಣ್ಣು ನೋಡುವ ದಾರಿ ಬೇರೆ, ಚಿತ್ರ ಬೀಳುವ ದಾರಿ ಬೇರೆ. ಎರಡೂ ಒಂದೇ ಮಾತು ಹೇಳುತ್ತವೆ ಅಂತ ಕಾರ್ಖಾನೆಯವರು ಕೊಟ್ಟ ಭರವಸೆಯ ಮೇಲೆ ನೀವು ಗುಂಡಿ ಒತ್ತುತ್ತೀರಿ. ಈ 'ಎರಡು ದಾರಿ' ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾತು ಕಾಪಿ ಮಾಡುವುದು ತಿರುಪು ಕಾಪಿ ಮಾಡಿದಷ್ಟು ಸುಲಭವಲ್ಲ ಅನ್ನುವುದಕ್ಕೆ ಒಂದೆರಡು ಉದಾಹರಣೆ. ಖಾರ್ಕಿವ್‌ನಲ್ಲಿ 1934ರಿಂದ ಲೈಕಾದ ನಕಲಾಗಿ ಫೆಡ್ ಕ್ಯಾಮೆರಾ ತಯಾರಾಗತೊಡಗಿತು. ನೋಡಲು ಅಣ್ಣತಮ್ಮ. ಆದರೆ ಯುದ್ಧಕ್ಕೆ ಮುಂಚಿನ ಫೆಡ್‌ಗಳು 28.8ರ ಶಿಸ್ತಿಗೆ ಒಳಪಟ್ಟಿರಲಿಲ್ಲ. ಒಂದರ ಲೆನ್ಸ್ ಇನ್ನೊಂದಕ್ಕೆ ಹಾಕಿದರೆ ಫೋಕಸ್ ದೇವರ ಇಚ್ಛೆ. ಇನ್ನೊಂದು ಜಪಾನಿನದು. 1948ರ ಮೊದಲ ನಿಕಾನ್ ಕ್ಯಾಮೆರಾದ ಮೂತಿ ಜರ್ಮನಿಯ ಕಾಂಟಾಕ್ಸಿನ ಮೂತಿಯಂತೆಯೇ ಇತ್ತು, ಲೆನ್ಸ್ ಅದಲುಬದಲಾಗಿ ಕೂರುತ್ತಿತ್ತು. ಆದರೆ ಒಳಗಿನ ಫೋಕಸ್ ಲೆಕ್ಕ ತುಸು ಬೇರೆ. ಅಗಲ ನೋಟದ ಲೆನ್ಸಿನಲ್ಲಿ ಗೊತ್ತಾಗುವುದಿಲ್ಲ, ಟೆಲಿಫೋಟೋ ಹಾಕಿದರೆ ಮೂಗಿಗೆ ಹಿಡಿದ ಫೋಕಸ್ ಬೇರೆಲ್ಲೋ. ಅದಕ್ಕೇ ಅವರು ಕಾಂಟಾಕ್ಸಿನವರಿಗೆ ಅಂತ ಬೇರೆ ಗುರುತು ಹಾಕಿ ಉದ್ದ ಲೆನ್ಸುಗಳನ್ನು ಮಾರಿದರು. ಅವರೂ ಕೊಳ್ಳುವವನಿಗೆ 'ನೀನೇ ಹೊಂದಿಸಿಕೊ' ಅನ್ನಲಿಲ್ಲ ನೋಡಿ.

ಆಮೇಲೆ ಎಸ್‌ಎಲ್‌ಆರ್ ಕಾಲ. ನಿಕಾನ್ ಎಫ್ 1959ರಲ್ಲಿ ಬಂತು, ಅದರ ಹಿಂದೆ ಮುಂದೆ ಹತ್ತಾರು. ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ಬಡಿದು ಮೇಲಿನ ಉಜ್ಜಿದ ಗಾಜಿನ ಮೇಲೆ ಬೀಳುತ್ತದೆ, ಅದನ್ನೇ ನೀವು ನೋಡುತ್ತೀರಿ. ಲೆನ್ಸು ಸ್ವಲ್ಪ ಹಿಂದೆಮುಂದೆ ಇದ್ದರೂ ಚಿಂತೆಯಿಲ್ಲ. ಗಾಜಿನ ಮೇಲೆ ಸ್ಪಷ್ಟ ಕಂಡಾಗ ಫಿಲ್ಮಿನ ಮೇಲೂ ಸ್ಪಷ್ಟ. ಬಾಡಿಯೊಳಗೆ ಗಾಜಿಗೂ ಫಿಲ್ಮಿಗೂ ಇರುವ ದೂರ ಒಂದೇ ಆಗಿದ್ದರೆ ಸಾಕು. ನಮ್ಮ ಪೀಳಿಗೆಯವರು ಕಲಿತದ್ದು ಇದರಲ್ಲೇ. ಫೋರ್ಟಿನ ಬೋರಾ ಬಜಾರಿನಲ್ಲಿ ಸೆಕೆಂಡ್ ಹ್ಯಾಂಡ್ ಯಾಶಿಕಾ, ಝೆನಿಟ್ ಚೌಕಾಸಿ ಮಾಡಿ ತಂದು, ಎಲ್ಲೆಲ್ಲಿಯದೋ ಲೆನ್ಸ್ ಹಾಕಿ ತೆಗೆದದ್ದೆಲ್ಲ ಬರುತ್ತಿತ್ತು. ಫೋಕಸ್ ತಪ್ಪಿದರೆ ಕಣ್ಣಿನದೋ ಕೈಯದೋ ತಪ್ಪು, ಲೆನ್ಸಿನ ಜಾತಕದ್ದಲ್ಲ. ನಲವತ್ತೈವತ್ತು ವರ್ಷ ಈ ಪ್ರಶ್ನೆ ಮಲಗಿಯೇ ಇತ್ತು.

ಎಬ್ಬಿಸಿದ್ದು ಆಟೋಫೋಕಸ್.

ತಾನೇ ಫೋಕಸ್ ಮಾಡುವ ಕ್ಯಾಮೆರಾದ ಪ್ರಯೋಗವನ್ನು 1976ರ ಫೋಟೋಕಿನಾ ಮೇಳದಲ್ಲಿ ತೋರಿಸಿದವರಲ್ಲಿ ಅದೇ ಲೈಟ್ಸ್ ಕಂಪನಿಯೂ ಒಂದು. ಆದರೆ ಮಾರುಕಟ್ಟೆ ಗೆದ್ದದ್ದು ಜಪಾನಿನ ಮಿನೋಲ್ಟಾ, 1985ರಲ್ಲಿ, 7000 ಅನ್ನುವ ಕ್ಯಾಮೆರಾದಿಂದ. (ಅದರ ಹಿಂದೆಯೇ ಅಮೆರಿಕದ ಹನಿವೆಲ್ ಕಂಪನಿ 'ಇದು ನಮ್ಮ ಪೇಟೆಂಟು' ಅಂತ ಕೋರ್ಟಿಗೆ ಹೋಯಿತು, 1992ರಲ್ಲಿ ಮಿನೋಲ್ಟಾ ಸೋತು ಹತ್ತು ಕೋಟಿ ಡಾಲರಿಗೂ ಮೇಲೆ ತೆತ್ತಿತು. ಅದು ಬೇರೆಯೇ ಪುರಾಣ, ಇನ್ನೊಮ್ಮೆ.) 1987ರಲ್ಲಿ ಕ್ಯಾನನ್ ಹಳೆಯ ಮೂತಿಯನ್ನೇ ಬಿಸಾಕಿ ಇಓಎಸ್ ತಂದಿತು. ಅದರಲ್ಲಿ ಲೆನ್ಸಿಗೂ ಬಾಡಿಗೂ ಕಡ್ಡಿ-ಸನ್ನೆಗೋಲಿನ ಸಂಬಂಧವೇ ಇಲ್ಲ, ಮಾತೆಲ್ಲ ವಿದ್ಯುತ್ತಿನಲ್ಲಿ.

ಇವೆಲ್ಲ ಕೆಲಸ ಮಾಡುವ ಬಗೆ ಒಂದೇ. ಮುಖ್ಯ ಕನ್ನಡಿಯ ನಡುವೆ ಸ್ವಲ್ಪ ಬೆಳಕು ತೂರಿಹೋಗುವ ಹಾಗೆ ಮಾಡಿ, ಅದರ ಬೆನ್ನಿಗೆ ಒಂದು ಪುಟ್ಟ ಮರಿಕನ್ನಡಿ ಇಟ್ಟು, ಆ ಬೆಳಕನ್ನು ಕ್ಯಾಮೆರಾದ ತಳದಲ್ಲಿರುವ ಸೆನ್ಸರಿಗೆ ತಿರುಗಿಸುತ್ತಾರೆ. ತಳದವನು ಅಳೆದು ಲೆನ್ಸಿಗೆ 'ಇಷ್ಟು ಸರಿ' ಅನ್ನುತ್ತಾನೆ. ಗುಂಡಿ ಒತ್ತಿದಾಗ ಕನ್ನಡಿಗಳು ಮೇಲೆ ಹಾರಿ, ಬೆಳಕು ಫಿಲ್ಮಿಗೆ ಬೀಳುತ್ತದೆ. ಮತ್ತೆ ಎರಡು ದಾರಿ! ಅಳೆಯುವವನ ದಾರಿ ಒಂದು, ಚಿತ್ರದ ದಾರಿ ಇನ್ನೊಂದು. ಮರಿಕನ್ನಡಿ ಒಂದಿಷ್ಟೇ ವಾಲಿದರೂ, ತಳದ ಸೆನ್ಸರು ಕೂದಲೆಳೆ ಮೇಲೆ ಕೂತರೂ, ಅಳೆದದ್ದೊಂದು, ಬಂದದ್ದೊಂದು.

ಎಷ್ಟು ಕೂದಲೆಳೆ? ಹಳೆಯ ಲೆಕ್ಕದ ಪ್ರಕಾರ ಫಿಲ್ಮಿನ ಮೇಲೆ 0.03 ಮಿ.ಮೀ. ಚುಕ್ಕೆಯವರೆಗೆ ಕಣ್ಣಿಗೆ ಮಸುಕು ತಿಳಿಯುವುದಿಲ್ಲ. ಆ ಲೆಕ್ಕದಲ್ಲಿ ಎಫ್ 3.5 ಲೆನ್ಸಿಗೆ ಫಿಲ್ಮಿನ ಹಿಂದೆಮುಂದೆ 0.1 ಮಿ.ಮೀ. ಆಚೀಚೆ ಆದರೂ ನಡೆಯುತ್ತದೆ. ಎಫ್ 1.4 ಆದರೆ 0.04ಕ್ಕೆ ಇಳಿಯಿತು. ಇನ್ನು ಡಿಜಿಟಲ್ ಚಿತ್ರವನ್ನು ಪಿಕ್ಸೆಲ್ ಪಿಕ್ಸೆಲ್ ಹಿಗ್ಗಿಸಿ ನೋಡುವವರಿಗೆ ಆ 0.03ರ ಚುಕ್ಕೆಯೇ ದೊಡ್ಡ ಬೊಟ್ಟು, 0.006ರ ಲೆಕ್ಕ ಹಿಡಿದರೆ 0.008 ಮಿ.ಮೀ. ಮಾತ್ರ ಉಳಿಯಿತು.

ಫಿಲ್ಮಿನ ದಿನಗಳಲ್ಲಿ ಇದು ಯಾಕೆ ಗದ್ದಲವಾಗಲಿಲ್ಲ ಅನ್ನುವುದಕ್ಕೆ ಇದೇ ಕಾರಣ. ಪೋಸ್ಟ್‌ಕಾರ್ಡಿನಷ್ಟು ಪ್ರಿಂಟು ಹಾಕಿಸುತ್ತಿದ್ದೆವು. ಫಿಲ್ಮು ತಾನೇ ಪೂರ್ತಿ ಚಪ್ಪಟೆ ಇರುತ್ತಿರಲಿಲ್ಲ. ಒಂದೆರಡು ಮಸುಕು ಬಂದರೆ 'ಕೈ ಅಲ್ಲಾಡಿರಬೇಕು' ಅಂದುಕೊಂಡು ಸುಮ್ಮನಾಗುತ್ತಿದ್ದೆವು, ಇನ್ನೊಂದು ರೋಲು ಹಾಳು ಮಾಡಿ ಪರೀಕ್ಷಿಸುವಷ್ಟು ದುಡ್ಡು ಯಾರ ಹತ್ತಿರವಿತ್ತು? ಡಿಜಿಟಲ್ ಬಂದ ಮೇಲೆ ಪರೀಕ್ಷೆ ಪುಕ್ಕಟೆ. ನಿಕಾನ್ ಡಿ300 ತೆಗೆದ ಚಿತ್ರ 4288 ಪಿಕ್ಸೆಲ್ ಅಗಲ. ಆಗಿನ ಮಾಮೂಲು ಮಾನಿಟರಿನಲ್ಲಿ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿದರೆ ಮೂರೂವರೆ ಅಡಿಗೂ ಅಗಲದ ಪ್ರಿಂಟನ್ನು ಒಂದೂವರೆ ಅಡಿ ದೂರದಿಂದ ನೋಡಿದ ಹಾಗೆ. ಹುಳುಕು ಕಾಣದೆ ಇರುತ್ತದೆಯೇ? 2004ರಲ್ಲಿ ನಿಕಾನ್ ಡಿ70 ಬಂದಾಗಲೇ 45 ಡಿಗ್ರಿಯಲ್ಲಿ ಇಟ್ಟು ತೆಗೆಯುವ ಪರೀಕ್ಷಾ ಚಾರ್ಟು ದೇಶದೇಶ ಸುತ್ತಿತು.

ಕಂಪನಿಗಳು ಇದಕ್ಕೆ ಕೊಟ್ಟ ಉತ್ತರ 2007ರಲ್ಲಿ ಬಂತು. ಕ್ಯಾನನ್ನಿನ 1ಡಿ ಮಾರ್ಕ್ 3, ನಿಕಾನಿನ ಡಿ3 ಮತ್ತು ಡಿ300. ಮೆನುವಿನಲ್ಲಿ ಮೈನಸ್ 20ರಿಂದ ಪ್ಲಸ್ 20ರವರೆಗೆ ಒಂದು ಪಟ್ಟಿ. ಲೆನ್ಸಿಗೊಂದು ಅಂಕಿ ತುಂಬಿದರೆ ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ವರ್ಷ ಪೆಂಟಾಕ್ಸ್, ಸೋನಿ, ಒಲಿಂಪಸ್ ಕೂಡ ಹಿಂಬಾಲಿಸಿದವು. ತಮಾಷೆ ಅಂದರೆ, ಬಳಕೆದಾರನಿಗೆ ಈ ಕೀಲಿ ಒಪ್ಪಿಸಿದ ಆ 1ಡಿ ಮಾರ್ಕ್ 3ರ ಮರಿಕನ್ನಡಿಯಲ್ಲೇ ದೋಷ ಸಿಕ್ಕಿ, ಅದೇ ವರ್ಷ ಕ್ಯಾನನ್ ತಾನೇ ಪ್ರಕಟಣೆ ಕೊಟ್ಟು ರಿಪೇರಿಗೆ ಕರೆಸಿಕೊಳ್ಳಬೇಕಾಯಿತು. ಅದು ಮೆನುವಿನ ಇಪ್ಪತ್ತು ಮೆಟ್ಟಿಲಿಗೆ ಬಗ್ಗುವ ರೋಗವಾಗಿರಲಿಲ್ಲ.

ಆ ಮೆನುವಿನ ಬಗ್ಗೆ ಕಂಪನಿಗಳ ಕೈಪಿಡಿಯಲ್ಲಿ ಇದ್ದ ಮಾತಿನ ತಾತ್ಪರ್ಯ ಏನು ಗೊತ್ತೇ? ಸಾಮಾನ್ಯವಾಗಿ ಇದರ ಅಗತ್ಯ ಬೀಳುವುದಿಲ್ಲ, ಬೇಕೇ ಬೇಕಾದರೆ ಮಾತ್ರ ಮಾಡಿ, ಮಾಡಿದರೆ ಫೋಕಸ್ ಕೆಡಲೂಬಹುದು. ಕೊಟ್ಟ ಹಾಗೂ ಆಗಬೇಕು, ಹೊಣೆಯೂ ಅಂಟಬಾರದು.

ಇಲ್ಲಿ ನನ್ನ ಅನುಭವ ಹೇಳಿಬಿಡುತ್ತೇನೆ. 2009ರಲ್ಲಿ ಒಂದು 50 ಮಿ.ಮೀ. ಎಫ್ 1.4 ಲೆನ್ಸ್ ಕೊಂಡೆ. ಯಾವ ಕಂಪನಿಯದ್ದು ಅಂತ ಕೇಳಬೇಡಿ, ಹೆಸರು ಮುಖ್ಯವಲ್ಲ. ಆ ಬೇಸಿಗೆಗೆ ಗದಗಿನಿಂದ ನಮ್ಮ ದೊಡ್ಡವ್ವ ಬಂದಿದ್ದಳು. ಮುಂಬಯಿಗೆ ಅದೇ ಮೊದಲು, ಕೊನೆಯೂ ಅದೇ. ಕಿಟಕಿಯ ಬೆಳಕಿನಲ್ಲಿ, ಒಂದೂಕಾಲು ಮೀಟರ್ ದೂರದಿಂದ, ಮುಖ ತುಸು ಓರೆಯಾಗಿ ಕೂರಿಸಿ, ಕಣ್ಣಿಗೇ ಫೋಕಸ್ ಇಟ್ಟು ಮೂವತ್ತು ಫೋಟೋ ತೆಗೆದೆ. ಆ ದೂರದಲ್ಲಿ, ಅಷ್ಟು ದೊಡ್ಡ ಕಿಂಡಿಯಲ್ಲಿ, ಸ್ಪಷ್ಟ ಬರುವ ಪಟ್ಟಿ ನನ್ನ ಕ್ಯಾಮೆರಾಗೆ ಮೂರೂವರೆ ಸೆಂಟಿಮೀಟರ್. ಮೂವತ್ತರಲ್ಲಿ ಮೂವತ್ತೂ ಕಣ್ಣು ಮಸುಕು, ಕಿವಿ ಚೂಪು. ಒಂದೆರಡು ತಪ್ಪಿದ್ದರೆ ಕೈ ಅಲ್ಲಾಡಿತು ಅನ್ನಬಹುದು, ಮೂವತ್ತೂ ಒಂದೇ ಕಡೆ ತಪ್ಪಿದರೆ ಅದು ಲೆಕ್ಕ ತಪ್ಪಿದ ಯಂತ್ರ. ದೊಡ್ಡವ್ವ ಕಂಪ್ಯೂಟರಿನಲ್ಲಿ ನೋಡಿ ಹೇಳಿದ್ದು ಇಷ್ಟೇ: "ನನ್ನ ಬೆಂಡೋಲಿ ಭಾಳ ಛಂದ ತಗದೀ ನೋಡಪಾ. ಕಣ್ಣ ಮಾತ್ರ ನಿದ್ದಿಗಣ್ಣ ಆಗ್ಯಾವಲ್ಲೋ!" 2012ರಲ್ಲಿ ಆಕೆ ಹೋದಳು. ಗದಗಿನ ಮನೆಯ ಗೋಡೆಯ ಮೇಲೆ ಆ ಮೂವತ್ತರಲ್ಲೇ ಒಂದು ಇದೆ.

ಸರ್ವಿಸ್ ಸೆಂಟರಿಗೆ ಹೋದೆ. ಮೊದಲ ಸಲ ಲೆನ್ಸ್ ಇಟ್ಟುಕೊಂಡು, ವಾರ ಬಿಟ್ಟು, 'ಸ್ಪೆಕ್ ಒಳಗೇ ಇದೆ ಸಾರ್' ಅಂತ ವಾಪಸು ಕೊಟ್ಟರು. ಎರಡನೇ ಸಲ ಬಾಡಿಯನ್ನೂ ತನ್ನಿ ಅಂದರು. ಮೂರು ವಾರ ಎರಡನ್ನೂ ಇಟ್ಟುಕೊಂಡು ಒಂದಕ್ಕೊಂದು ಹೊಂದಿಸಿ ಕೊಟ್ಟರು. ನನ್ನ ಬಾಡಿಯಲ್ಲಿ ಸೊಗಸಾಗಿ ಕೆಲಸ ಮಾಡಿತು. ಆದರೆ ಚೆಂಬೂರಿನ ಗೆಳೆಯರೊಬ್ಬರು ಯಕ್ಷಗಾನಕ್ಕೆ ಅಂತ ಅದನ್ನು ಎರವಲು ಒಯ್ದರೆ, ಅವರ ಬಾಡಿಯಲ್ಲಿ ವೇಷದವನ ಕಣ್ಣು ಬಿಟ್ಟು ಮೂಗಿನ ತುದಿಗೆ ಫೋಕಸ್! ನಮ್ಮ ಐದಾರು ಜನರ ಗುಂಪಿನಲ್ಲಿ ಲೆನ್ಸುಗಳು ಊರ ಒನಕೆಯ ಹಾಗೆ ಮನೆಯಿಂದ ಮನೆಗೆ ತಿರುಗುತ್ತಿದ್ದವು, ಎಲ್ಲರೂ ಎಲ್ಲವನ್ನೂ ಕೊಳ್ಳುವ ಸ್ಥಿತಿ ಯಾರದ್ದೂ ಅಲ್ಲ. ಈ ಲೆನ್ಸ್ ಮಾತ್ರ ನನ್ನ ಬಾಡಿಯ ಜೊತೆ ತಾಳಿ ಕಟ್ಟಿಸಿಕೊಂಡಿತ್ತು. ಕಂಪ್ಯೂಟರ್ ಯುಗದಲ್ಲಿ, ಎಂಬತ್ತು ವರ್ಷದ ಮೇಲೆ, ನಾನು 1930ರ ವೆಟ್ಸ್ಲಾರಿಗೆ ಹೋಗಿ ನಿಂತಿದ್ದೆ. ಮೂರು ಅಂಕೆ ಕೆತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕಂಪನಿಯ ಪರವಾಗಿ ಹೇಳುವ ಮಾತೂ ಇದೆ, ಅದನ್ನು ಕೇಳದೆ ತೀರ್ಪು ಕೊಡುವುದು ತಪ್ಪಾದೀತು. ಯಾವ ವಸ್ತುವನ್ನೂ ಕರಾರುವಾಕ್ಕಾಗಿ ಒಂದೇ ಅಳತೆಗೆ ಮಾಡಲಾಗದು, ಸ್ವಲ್ಪ ಹೆಚ್ಚುಕಮ್ಮಿಗೆ ಜಾಗ ಬಿಡಲೇಬೇಕು. ಎಂಜಿನಿಯರುಗಳು ಟಾಲರೆನ್ಸ್ ಅಂತಾರೆ. ಮುಂಬಯಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲೋಕಲ್ ಡಬ್ಬಿಯ ನೆಲದ ಎತ್ತರ ನಿಯಮದ ಒಳಗೆ, ಪ್ಲಾಟ್‌ಫಾರಂ ಎತ್ತರವೂ ನಿಯಮದ ಒಳಗೆ. ಆದರೆ ಡಬ್ಬಿ ನಿಯಮದ ಮೇಲಿನ ಅಂಚಿನಲ್ಲಿದ್ದು ಪ್ಲಾಟ್‌ಫಾರಂ ಕೆಳಗಿನ ಅಂಚಿನಲ್ಲಿದ್ದರೆ ನಡುವಿನ ಕಂದಕಕ್ಕೆ ಕಾಲು ಹಾಕುವವರು ನಾವು. ಹಾಗೇ ಬಾಡಿಯೂ ಸರಿ, ಲೆನ್ಸೂ ಸರಿ, ಜೋಡಿ ತಪ್ಪು. ಎರಡನ್ನೂ ಇನ್ನಷ್ಟು ಬಿಗಿ ಮಾಡಬೇಕೆಂದರೆ ಬೆಲೆ ಏರುತ್ತದೆ. ಮೆನು ಕೊಟ್ಟರೆ ಬಿಟ್ಟಿಯಲ್ಲಿ ಮುಗಿಯುತ್ತದೆ. ಕ್ಯಾಮೆರಾ ಸವೆಯುತ್ತದೆ, ಬಿಸಿಲಿಗೆ ಚಳಿಗೆ ಬದಲಾಗುತ್ತದೆ, ಬಳಸುವವನ ಕೈಯಲ್ಲೊಂದು ಕೀಲಿ ಇರಲಿ ಅನ್ನುವುದೂ ನಿಜ.

ಕೀಲಿ ಇರಲಿ, ನನ್ನ ತಕರಾರಿಲ್ಲ. ಐದು ವರ್ಷ ಬಳಸಿದ ಬಾಡಿಗೆ ಅದು ವರವೇ. ಆದರೆ ಪೆಟ್ಟಿಗೆ ಬಿಚ್ಚಿದ ದಿನವೇ ಅದನ್ನು ತಿರುಗಿಸು ಅನ್ನುವುದು ಬೇರೆ ಮಾತು. ಲೆನ್ಸಿನೊಳಗೆ ಚಿಪ್ ಇದೆ, ಬಾಡಿಯೊಳಗೂ ಇದೆ, ಎರಡೂ ಮಾತಾಡಿಕೊಳ್ಳುತ್ತವೆ. ಒಂದು ಆದರ್ಶ ಬಾಡಿಗೆ ಹೋಲಿಸಿ ಪ್ರತಿ ಲೆನ್ಸು ಎಷ್ಟು ಆಚೀಚೆ ಇದೆ ಅಂತ ಕಾರ್ಖಾನೆಯಲ್ಲೇ ಅಳೆದು, ಆ ಅಂಕಿಯನ್ನು ಅದರ ಚಿಪ್‌ನಲ್ಲಿ ಬರೆದುಬಿಡಬಹುದು, ಹಾಗೆಯೇ ಬಾಡಿಗೂ. ನಾನು ನನ್ನ ಅಡುಗೆಮನೆ ಮೇಜಿನ ಮೇಲೆ, ಕಾಗದದ ಚಾರ್ಟ್ ಇಟ್ಟುಕೊಂಡು ಒಂದು ತಾಸಿನಲ್ಲಿ ಮಾಡಬಹುದಾದ ಕೆಲಸವನ್ನು ಯಂತ್ರಗಳಿರುವ ಕಾರ್ಖಾನೆ ಮಾಡಲಾರದು ಅಂದರೆ ನಂಬುವುದು ಹೇಗೆ? 1931ರಲ್ಲಿ ಕಾಗದದ ಹಾಳೆ ಇಟ್ಟು ಮಾಡಿದವರಿಗಿಂತ ಇವರ ಕಷ್ಟ ದೊಡ್ಡದೇ?

ಇನ್ನೊಂದು. ಮನೆಯಲ್ಲಿ ಮಾಡಿದ್ದು ಸರಿಯಾಗುವುದೂ ಅಪರೂಪ. ಮೊದಲ ಮೆನುಗಳಲ್ಲಿ ಲೆನ್ಸಿಗೆ ಒಂದೇ ಅಂಕಿ. ಝೂಮ್ ಲೆನ್ಸಿಗೆ ಅಗಲದ ತುದಿಯಲ್ಲಿ ಒಂದು ತಪ್ಪು, ಉದ್ದದ ತುದಿಯಲ್ಲಿ ಇನ್ನೊಂದು ತಪ್ಪು ಇದ್ದರೆ ಯಾವುದಕ್ಕೆ ಹೊಂದಿಸೋದು? ಕ್ಯಾನನ್ 2012ರ ಕ್ಯಾಮೆರಾಗಳಲ್ಲಿ ಎರಡು ತುದಿಗೆ ಎರಡು ಅಂಕಿ ಕೊಟ್ಟಿತು. ಹತ್ತಿರದ್ದಕ್ಕೆ ಸರಿಮಾಡಿದರೆ ದೂರದ್ದು ಕೆಡುತ್ತದೆ. ಟ್ಯೂಬ್‌ಲೈಟಿನಲ್ಲಿ ಮಾಡಿದ್ದು ಹಳದಿ ಬಲ್ಬಿನ ಮದುವೆ ಮಂಟಪದಲ್ಲಿ ಹೊಂದದಿರಬಹುದು, ಯಾಕೆಂದರೆ ತಳದ ಸೆನ್ಸರಿಗೆ ಬೆಳಕಿನ ಬಣ್ಣವೂ ಲೆಕ್ಕ.

ಮೆನುವನ್ನಾದರೂ ಎಲ್ಲರಿಗೂ ಕೊಟ್ಟರೇ? ಇಲ್ಲ. ಕ್ಯಾನನ್ 50ಡಿ (2008) ಕ್ಯಾಮೆರಾದಲ್ಲಿತ್ತು, ಅದರ ತಮ್ಮನಾದ 60ಡಿಯಲ್ಲಿ (2010) ತೆಗೆದರು, 70ಡಿಯಲ್ಲಿ (2013) ಮತ್ತೆ ಹಾಕಿದರು. ನಿಕಾನ್ ಡಿ90ಯಲ್ಲಿ ಇರಲಿಲ್ಲ, ಡಿ7000ದಲ್ಲಿ ಬಂತು. ಅಗ್ಗದ ಕ್ಯಾಮೆರಾ ಕೊಂಡವರಿಗೆ ಸಿಗಲೇ ಇಲ್ಲ. ಅವರ ಬಾಡಿಗೆ ಮರಿಕನ್ನಡಿ ಇರಲಿಲ್ಲವೇ, ಅದು ವಾಲುವುದಿಲ್ಲವೇ? ಕೆಲಸವನ್ನು ಬಳಕೆದಾರನಿಗೆ ಒಪ್ಪಿಸಿದವರು ಸಲಕರಣೆಯನ್ನು ಮಾತ್ರ ದುಡ್ಡಿದ್ದವರಿಗೆ ಕೊಟ್ಟರು. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ಸಿಗ್ಮಾ ಕಂಪನಿಯ ದಾರಿ ವಿಚಿತ್ರ. ಜಪಾನಿನ ಐಜು ಊರಿನ ತನ್ನ ಕಾರ್ಖಾನೆಯಲ್ಲಿ ಹೊಸ ಸಾಲಿನ ಪ್ರತಿಯೊಂದು ಲೆನ್ಸನ್ನೂ ತಾನೇ ರೂಪಿಸಿದ ಯಂತ್ರದಲ್ಲಿ ಪರೀಕ್ಷಿಸುತ್ತೇವೆ ಅಂತ 2012ರಲ್ಲಿ ಹೆಮ್ಮೆಯಿಂದ ಹೇಳಿತು. ಮರುವರ್ಷ ಬಳಕೆದಾರರೇ ಲೆನ್ಸನ್ನು ಕಂಪ್ಯೂಟರಿಗೆ ಜೋಡಿಸಿ ಫೋಕಸ್ ತಿದ್ದಿಕೊಳ್ಳುವ ಯುಎಸ್‌ಬಿ ಡಾಕ್ ಮಾರಿತು. ಝೂಮ್ ಲೆನ್ಸಾದರೆ 16 ಅಂಕಿ ತುಂಬಬೇಕು! ಬಯ್ಯುವುದೋ ಹೊಗಳುವುದೋ ತಿಳಿಯದೆ ನಾನೂ ಒಂದು ಕೊಂಡೆ. ಒಂದು ಒಳ್ಳೆಯದಿದೆ ಅದರಲ್ಲಿ: ತಿದ್ದುಪಡಿ ಲೆನ್ಸಿನೊಳಗೇ ಕೂರುತ್ತದೆ. ಅಂದರೆ ಕಾರ್ಖಾನೆಯವರೂ ಹೀಗೆ ಮಾಡಬಹುದಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಕೊನೆಗೆ ಈ ಜಗಳ ಬಗೆಹರಿದದ್ದು ಯಾರೋ ನ್ಯಾಯ ಹೇಳಿದ್ದರಿಂದಲ್ಲ, ಕನ್ನಡಿಯೇ ಹೊರಟುಹೋದದ್ದರಿಂದ. 2008ರಲ್ಲಿ ಪ್ಯಾನಸೋನಿಕ್ ಜಿ1 ಕನ್ನಡಿ ಇಲ್ಲದೆ ಬಂತು. ಚಿತ್ರ ಬೀಳುವ ಸೆನ್ಸರೇ ಫೋಕಸನ್ನೂ ನೋಡುತ್ತದೆ, ಎರಡನೇ ದಾರಿಯೇ ಇಲ್ಲ. ಮೊದಮೊದಲು ನಿಧಾನ, ಆಮೇಲೆ ಸೆನ್ಸರಿನ ಮೇಲೇ ದೂರ ಅಳೆಯುವ ಪಿಕ್ಸೆಲ್ಲುಗಳನ್ನು ಬಿತ್ತುವ ವಿದ್ಯೆ ಬಂದು ವೇಗವೂ ಸಿಕ್ಕಿತು. 2018ರಲ್ಲಿ ನಿಕಾನ್ ಝೆಡ್, ಕ್ಯಾನನ್ ಆರ್ ಬಂದ ಮೇಲೆ ಎಸ್‌ಎಲ್‌ಆರ್‌ನ ದಿನ ಎಣಿಕೆ ಶುರುವಾಯಿತು. ಹೊಸ ಬಾಡಿಗೆ ಹೊಸ ಲೆನ್ಸ್ ಹಾಕಿದರೆ ಜಾತಕದ ಪ್ರಶ್ನೆ ಬಹುಮಟ್ಟಿಗೆ ಏಳುವುದಿಲ್ಲ, ಆದರೂ ನಿಕಾನ್ ಝೆಡ್ 6, ಝೆಡ್ 7ರ ಮೆನುವಿನಲ್ಲಿ ಆ ಹಳೆಯ ಪಟ್ಟಿ ಹಾಗೇ ಉಳಿದಿತ್ತು, ಹೊಸ ಫ್ಲ್ಯಾಟಿನಲ್ಲಿ ಹಳೆಯ ಒರಳಿನ ಹಾಗೆ.

ಲೈಕಾದವರ ಬಗ್ಗೆ ಇಷ್ಟು ಹೊಗಳಿದ್ದಕ್ಕೆ ಒಂದು ತೂಕ ಹಾಕಬೇಕು. 2006ರಲ್ಲಿ ಅವರ ಎಂ8 ಡಿಜಿಟಲ್ ಕ್ಯಾಮೆರಾ ಬಂದಾಗ ಫಿಲ್ಮ್ ಕಾಲದ ಒಳ್ಳೊಳ್ಳೆಯ ಲೆನ್ಸುಗಳ ಬಣ್ಣವೂ ಬಯಲಾಯಿತು. ಎಷ್ಟೋ ಜನ ಬಾಡಿ-ಲೆನ್ಸ್ ಎರಡನ್ನೂ ಪೊಟ್ಟಣ ಕಟ್ಟಿ ಆಗ ಕಂಪನಿ ಇದ್ದ ಸೋಲ್ಮ್ಸ್ ಊರಿಗೆ ಕಳಿಸಿ ಸರಿಮಾಡಿಸಿಕೊಂಡರು. ಸೊನ್ನೆ ಹಾಕಿದ ಮನೆಯಲ್ಲೇ ಹೀಗಾಯಿತು. ಫಿಲ್ಮಿಗೆ ಸಾಕಾಗಿದ್ದ ಮಾತು ಸೆನ್ಸರಿಗೆ ಸಾಕಾಗಲಿಲ್ಲ. ಆದರೆ ಸರಿಮಾಡಿದ್ದು ಮತ್ತೆ ಕಾರ್ಖಾನೆಯೇ, ಮೆನುವಿನ ಪಟ್ಟಿಯಲ್ಲ. ಅಂದ ಹಾಗೆ, 1954ರಲ್ಲಿ ಅವರು ತಿರುಪು ಬಿಟ್ಟು ಎಂ ಮೂತಿಗೆ ಹೋದಾಗ ಅಂತರವನ್ನು 27.8 ಮಿ.ಮೀ. ಮಾಡಿದರು, ಸರಿಯಾಗಿ 1 ಮಿ.ಮೀ. ಕಮ್ಮಿ, ಹಳೆಯ ಲೆನ್ಸಿಗೆ 1 ಮಿ.ಮೀ. ಉಂಗುರ ಹಾಕಿದರೆ ಕೂರಲಿ ಅಂತ. 1931ರ ಸೊನ್ನೆ ಗುರುತಿನ ಲೆನ್ಸು ಇವತ್ತಿನ ಡಿಜಿಟಲ್ ಎಂ ಮೇಲೂ ಕೂರುತ್ತದೆ.

ಈಗ ಮುಂಬಯಿ, ಪುಣೆಯ ಅಂಗಡಿಗಳಲ್ಲಿ ಹಳೆಯ ಡಿಎಸ್‌ಎಲ್‌ಆರ್‌ಗಳು ಅಗ್ಗಕ್ಕೆ ಸಿಗುತ್ತಿವೆ, ನಮ್ಮ ಹುಡುಗರು ಕೊಳ್ಳುತ್ತಲೂ ಇದ್ದಾರೆ. ಅವುಗಳೊಳಗೆ ಎರಡು ದಾರಿ ಹಾಗೆಯೇ ಇದೆ. ಹಾಗಾಗಿ ಲೆನ್ಸ್ ಕೊಳ್ಳುವಾಗ ನಿಮ್ಮ ಬಾಡಿಯನ್ನು ಜೊತೆಗೇ ಒಯ್ಯಿರಿ. ಕೌಂಟರಿನ ಮೇಲೆ ಗಟ್ಟಿಯಾಗಿ ಒರಗಿಸಿ, ಕಿಂಡಿಯನ್ನು ಪೂರ್ತಿ ತೆರೆದು, ಆರೇಳು ಅಡಿ ದೂರದ ಯಾವುದಾದರೂ ಅಚ್ಚಾದ ಅಕ್ಷರಕ್ಕೆ ಕಣ್ಣುಕಿಂಡಿಯಿಂದ ಫೋಕಸ್ ಮಾಡಿ ಐದು ಫೋಟೋ ತೆಗೆಯಿರಿ. ಆಮೇಲೆ ಲೈವ್ ವ್ಯೂ ಹಾಕಿ, ಹಿಂದಿನ ಪರದೆಯಲ್ಲಿ ನೋಡುತ್ತ ಅದೇ ಅಕ್ಷರದ ಇನ್ನೈದು ತೆಗೆಯಿರಿ. ಆಗ ಕನ್ನಡಿ ಮೇಲೆ ಎದ್ದಿರುತ್ತದೆ, ಸಾಮಾನ್ಯವಾಗಿ ಫೋಕಸ್ ನೋಡುವುದು ಸೆನ್ಸರೇ. ಎರಡನೇ ಐದು ಚೂಪಾಗಿ ಮೊದಲ ಐದು ಮಸುಕಾಗಿದ್ದರೆ ಜೋಡಿ ಕೂಡಿಲ್ಲ, ಅದೇ ಮಾದರಿಯ ಇನ್ನೊಂದು ಲೆನ್ಸ್ ತೆಗೆಸಿ. ಎರಡೂ ಮಸುಕಾದರೆ ಲೆನ್ಸೇ ಕೆಟ್ಟದ್ದು. ಅಂಗಡಿಯವನು 'ಮನೆಗೆ ಹೋಗಿ ಮೆನುವಿನಲ್ಲಿ ಸರಿಮಾಡ್ಕೊಳ್ಳಿ' ಅಂದರೆ ನಕ್ಕು ಇನ್ನೊಂದು ಪೆಟ್ಟಿಗೆ ಕೇಳಿ. ಬಿಲ್ ಆಮೇಲೆ ಮಾಡಿಸಿ.